ಬೆಂಗಳೂರಿನಿಂದ ಕ್ಯಾರವಾನ್ ಡೆಲಿವರಿ: ಚಾಲಕರಿಗೆ ಒಂದು ಕೈಪಿಡಿ

ವ್ಯಾನ್ ಅಥವಾ ಬಸ್ಸಿನ ಚಾಸಿಯ (ಎಂಜಿನ್, ಚಕ್ರಗಳಿರುವ ಬರಿ ಚೌಕಟ್ಟಿನ) ಮೇಲೆ ಹಾಸಿಗೆ, ಅಡುಗೆ ಕಟ್ಟೆ, ಶೌಚಾಲಯಗಳನ್ನು ಕೂಡಿಸಿ ಕ್ಯಾರವಾನ್ ಮಾಡಿಕೊಡುವ ಕಾರ್ಖಾನೆಗಳು ಬೆಂಗಳೂರಿನಲ್ಲಿವೆ. ಕೊಳ್ಳುವವರು ಕೊಚ್ಚಿ, ಗೋವಾ, ಹೈದರಾಬಾದ್ ಎಂದು ಹೊರಗಿನವರೂ ಇರುವುದರಿಂದ, ಸಿದ್ಧವಾದ ವಾಹನವನ್ನು ಓಡಿಸಿಕೊಂಡು ಹೋಗಿ ಮಾಲೀಕರಿಗೆ ಒಪ್ಪಿಸಿ ಬರುವ ಕೆಲಸಕ್ಕೆ ಚಾಲಕರು ಬೇಕಾಗುತ್ತಾರೆ. ಅಮೆರಿಕದಲ್ಲಿ, ಅದರಲ್ಲೂ ಈ ವಾಹನಗಳ ತಯಾರಿಕೆಗೆ ಹೆಸರಾದ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ, ಇದೇ ಪೂರ್ಣಾವಧಿ ವೃತ್ತಿ. ನಮ್ಮಲ್ಲಿ ಅಷ್ಟು ಸಂಖ್ಯೆಯ ವಾಹನಗಳಿಲ್ಲ. ಆದ್ದರಿಂದ ಇದೊಂದನ್ನೇ ನಂಬಿ ಇರುವ ಕೆಲಸ ಬಿಡುವುದು ಜಾಣತನವಲ್ಲ. ಚಾಸಿ, ಬಸ್, ಆಂಬುಲೆನ್ಸ್ ಡೆಲಿವರಿಯ ಜೊತೆಗೆ ಇದನ್ನೂ ಸೇರಿಸಿಕೊಂಡವರಿಗೆ ಮಾತ್ರ ತಿಂಗಳ ಲೆಕ್ಕ ಸರಿಹೋಗುತ್ತದೆ.

ಮೊದಲನೆಯದು ಲೈಸೆನ್ಸ್. ವಾಹನದ ನೋಂದಾಯಿತ ಒಟ್ಟು ತೂಕ 7,500 ಕಿಲೋ ಮೀರದಿದ್ದರೆ ಎಲ್‌ಎಂವಿ, ಅಂದರೆ ಲಘು ಮೋಟಾರು ವಾಹನದ, ಲೈಸೆನ್ಸ್ ಸಾಕು; ಅದು ಸಾರಿಗೆ ವಾಹನವಾಗಿದ್ದರೂ ಪ್ರತ್ಯೇಕ ಅನುಮೋದನೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ವ್ಯಾನ್ ಆಧಾರಿತ ಕ್ಯಾರವಾನ್‌ಗಳು ಸಾಮಾನ್ಯವಾಗಿ ಈ ಮಿತಿಯೊಳಗೇ ಇರುತ್ತವೆ. ದೊಡ್ಡ ಬಸ್ ಚಾಸಿಯ ಮೇಲೆ ಕಟ್ಟಿದ್ದಾದರೆ ಮಿತಿ ದಾಟಿರಬಹುದು; ಆಗ ಭಾರಿ ವಾಹನದ ಲೈಸೆನ್ಸ್ ಇಲ್ಲದೆ ಕೀ ಮುಟ್ಟಬಾರದು. ಅಪಘಾತವಾದ ದಿನ ವಿಮಾ ಕಂಪನಿ ಮೊದಲು ಕೇಳುವುದೇ ಈ ಕಾಗದವನ್ನು.

ಹೊಸ ವಾಹನಕ್ಕೆ ಖಾಯಂ ನೋಂದಣಿ ಆಗುವುದು ಮಾಲೀಕರ ಊರಿನ ಆರ್‌ಟಿಒ ಕಚೇರಿಯಲ್ಲಿ. ಅಲ್ಲಿಯವರೆಗೆ ಅದು ತಾತ್ಕಾಲಿಕ ನೋಂದಣಿಯ ಮೇಲೆ, ನಮ್ಮವರು ಟಿಆರ್ ನಂಬರ್ ಎನ್ನುವುದರ ಮೇಲೆ, ಓಡುತ್ತದೆ. ಆ ಫಲಕ ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರಗಳದ್ದು. ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಿದ್ದರೆ ಅದು ಡೀಲರ್ ವಶದಲ್ಲಿರುವ ವಾಹನದ್ದು, ಅದನ್ನು ನಂಬಿ ರಾಜ್ಯದ ಗಡಿ ದಾಟಲು ಹೊರಡಬೇಡಿ. ಟಿಆರ್ ಅವಧಿ ಮುಗಿಯುವ ದಿನಾಂಕವನ್ನು ನೀವೇ ಓದಿ ನೋಡಬೇಕು, ಏಕೆಂದರೆ ಒಳಾಂಗಣದ ಕೆಲಸ ತಡವಾಗಿ ಅವಧಿ ಅಲ್ಲಿಯೇ ಕರಗಿಹೋಗಿರುವುದು ಅಪರೂಪವೇನಲ್ಲ. ಜೊತೆಗೆ ವಿಮೆ, ಇನ್‌ವಾಯ್ಸ್ ಮತ್ತು ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿ ನಿಯಮದಂತೆ ಆನ್‌ಲೈನ್‌ನಲ್ಲಿ ಪಡೆಯುವ ಪತ್ರ) ಇರಬೇಕು. ಇ-ವೇ ಬಿಲ್‌ನ ಅವಧಿ ಪ್ರತಿ 200 ಕಿಲೋಮೀಟರಿಗೆ ಒಂದು ದಿನ. ಸುಮಾರು 550 ಕಿಲೋಮೀಟರ್ ದೂರದ ಕೊಚ್ಚಿಗೆ ಮೂರು ದಿನ ಸಿಗುತ್ತದೆ. ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಅದರ ಪ್ರಮಾಣಪತ್ರದ ಪ್ರತಿಯೂ ಕಡತದಲ್ಲಿದ್ದರೆ ತಪಾಸಣೆಯ ಮಾತು ಬೇಗ ಮುಗಿಯುತ್ತದೆ.

ಕಾಗದ ಸರಿಯಿದ್ದ ಮೇಲೆ ವಾಹನ. ಈ ಕೆಲಸದಲ್ಲಿ ದುಡ್ಡು ಉಳಿಯುವುದೂ ಹೋಗುವುದೂ ಕಾರ್ಖಾನೆಯ ಅಂಗಳದಲ್ಲಿ ಕಳೆಯುವ ಆ ಒಂದು ಗಂಟೆಯಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ. ಹಗಲು ಬೆಳಕಿನಲ್ಲಿಯೇ ವಾಹನವನ್ನು ಒಪ್ಪಿಕೊಳ್ಳಿ; ಸಂಜೆ ಏಳಕ್ಕೆ ಕೀ ಕೊಟ್ಟು ಈಗಲೇ ಹೊರಡಿ ಎಂದರೆ ನಯವಾಗಿ ಬೆಳಿಗ್ಗೆ ಬರುತ್ತೇನೆನ್ನಿ. ನಾಲ್ಕೂ ಬದಿಯ ಜೊತೆಗೆ ಏಣಿ ತರಿಸಿ ಛಾವಣಿಯ ವಿಡಿಯೊ ಮಾಡಬೇಕು, ಏಕೆಂದರೆ ಸೌರ ಫಲಕ, ಗಾಳಿಕಿಂಡಿಯ ಮುಚ್ಚಳ, ಎಸಿ ಎಲ್ಲವೂ ಮೇಲಿದ್ದು, ನೆಲದ ಮೇಲೆ ನಿಂತವರಿಗೆ ಅಲ್ಲಿನ ಬಿರುಕು ಕಾಣುವುದಿಲ್ಲ. ಪಕ್ಕದ ಮಡಚುವ ನೆರಳುಚಾವಣಿಯ ಬ್ರಾಕೆಟ್ಟನ್ನು ಕೈಯಿಂದ ಹಿಡಿದು ಅಲುಗಿಸಿ. ಅದರ ಬೋಲ್ಟ್ ಸಡಿಲವಿದ್ದರೆ ಹೆದ್ದಾರಿಯ ಗಾಳಿಗೆ ಮೊದಲು ಸದ್ದು, ಆಮೇಲೆ ಇಡೀ ತೋಳೇ ಹೊರಗೆ. ಒಳಗೆ ಪ್ರತಿಯೊಂದು ಕಪಾಟಿನ ಚಿಲಕವನ್ನು ಎಳೆದು ನೋಡಿ, ಫ್ರಿಜ್ ಬಾಗಿಲಿಗೆ ಬಣ್ಣ ಕೀಳದ ಟೇಪು ಅಂಟಿಸಿ. ಓಡೋಮೀಟರಿನ ಫೋಟೊ, ಬಿಡಿ ಚಕ್ರ, ಜಾಕ್, ಕೀಗಳ ಸಂಖ್ಯೆ ಇವೆಲ್ಲವನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಖಾನೆಯವರ ಸಹಿ ಪಡೆಯಿರಿ. ಆಗಲೇ ಇದ್ದ ಗೀರನ್ನು ಕೊಚ್ಚಿಯಲ್ಲಿ ಮಾಲೀಕರು ಬೆರಳಿಟ್ಟು ತೋರಿಸಿದಾಗ ನಿಮ್ಮ ಪರವಾಗಿ ಮಾತನಾಡುವುದು ಆ ಹಾಳೆಯೊಂದೇ.

ನೀರಿನ ಟ್ಯಾಂಕುಗಳನ್ನು ಖಾಲಿ ಮಾಡಿಸುವುದನ್ನು ಮರೆಯಬಾರದು. ನೂರು ಲೀಟರ್ ಎಂದರೆ ನೂರು ಕಿಲೋ, ಅದೂ ಅರ್ಧ ತುಂಬಿದ್ದರೆ ತಿರುವಿನಲ್ಲಿ ಒಳಗೇ ತುಳುಕಿ ವಾಹನವನ್ನು ಪಕ್ಕಕ್ಕೆ ಎಳೆಯುತ್ತದೆ. ಗ್ಯಾಸ್ ಸಿಲಿಂಡರ್ ಇದ್ದರೆ ರೆಗ್ಯುಲೇಟರ್ ಬಿಚ್ಚಿಸಿ, ಸಾಧ್ಯವಾದರೆ ಸಿಲಿಂಡರನ್ನೇ ಇಳಿಸಿ. ಒಳಗಿನ ಹಾಸಿಗೆ ಮತ್ತು ಶೌಚಾಲಯ ನಿಮಗಲ್ಲ. ಹೊಸ ವಾಹನದಲ್ಲಿ ಮಲಗಿ ಎದ್ದ ಗುರುತು ಸಿಕ್ಕರೆ ಮುಂದಿನ ಕರೆ ಬರುವುದಿಲ್ಲ.

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಚಾಲಕನೂ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಎತ್ತರ. ವಾಹನದ ಎತ್ತರವನ್ನು ಎಸಿಯ ತುದಿಯವರೆಗೆ ಟೇಪು ಹಿಡಿದು ಅಳೆದು, ಮೀಟರ್ ಮತ್ತು ಅಡಿ ಎರಡರಲ್ಲೂ ಬರೆದು ಸ್ಟಿಯರಿಂಗ್ ಬಳಿ ಅಂಟಿಸಿ. ಕಾರಿನಲ್ಲಿ ಯೋಚಿಸದೆ ನುಗ್ಗುತ್ತಿದ್ದ ರೈಲ್ವೆ ಅಂಡರ್‌ಪಾಸ್‌ಗಳು, ಮ್ಯಾಜಿಕ್ ಬಾಕ್ಸ್ ಎನ್ನುವ ಸಿದ್ಧ ಕಾಂಕ್ರೀಟ್ ಪೆಟ್ಟಿಗೆಗಳ ಅಂಡರ್‌ಪಾಸ್‌ಗಳು ಈಗ ನಿಮ್ಮ ದಾರಿಯಲ್ಲ. ಮಲ್ಲೇಶ್ವರ, ಜಯನಗರ, ಬಸವನಗುಡಿಯ ಮರಗಳ ಬಾಗಿದ ಕೊಂಬೆಗಳೂ ಅಡ್ಡರಸ್ತೆಗಳಲ್ಲಿ ಜೋತುಬಿದ್ದ ಕೇಬಲ್‌ಗಳೂ ಸೌರ ಫಲಕವನ್ನು ಸದ್ದಿಲ್ಲದೆ ಕೀಳಬಲ್ಲವು. ಪೀಣ್ಯದ ಕಡೆಯಿಂದ ಹೊಸೂರಿನತ್ತ ಹೋಗುವುದಾದರೆ ಟೋಲ್ ಹೆಚ್ಚಾದರೂ ನೈಸ್ ರಸ್ತೆಯೇ ಲೇಸು. ಮೊಬೈಲ್ ನಕ್ಷೆ ನಿಮ್ಮನ್ನು ಕಾರೆಂದೇ ತಿಳಿದಿರುತ್ತದೆ.

ಊರು ಬಿಟ್ಟ ಮೇಲೆ ದಾರಿಯ ಆಯ್ಕೆಯಲ್ಲಿ ಆಸೆ ಬೇಡ. ಕೊಚ್ಚಿಗೆ ಮೈಸೂರು, ವಯನಾಡಿನ ಮೂಲಕ ಹೋಗುವುದು ಕಣ್ಣಿಗೆ ಹಬ್ಬ, ಆದರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ, ಮುಂದೆ ತಾಮರಶ್ಶೇರಿ ಘಾಟಿಯ ಒಂಬತ್ತು ಹಿಮ್ಮುರಿ (ಹೇರ್‌ಪಿನ್) ತಿರುವುಗಳಿವೆ. ಹೊಸೂರು, ಸೇಲಂ, ಕೊಯಮತ್ತೂರು, ಪಾಲಕ್ಕಾಡಿನ ಅಗಲ ರಸ್ತೆಯೇ ಈ ಕೆಲಸಕ್ಕೆ ಸರಿ. ಅಲ್ಲಿಯೂ ಮುಂಗಾರಿನ ತಿಂಗಳುಗಳಲ್ಲಿ ಪಾಲಕ್ಕಾಡ್ ಕಣಿವೆಯಲ್ಲಿ ಬೀಸುವ ಅಡ್ಡಗಾಳಿ ಎತ್ತರದ ಬದಿಗಳಿರುವ ವಾಹನವನ್ನು ಪಕ್ಕದ ಲೇನಿಗೆ ತಳ್ಳುವಷ್ಟು ಜೋರಾಗಿರುತ್ತದೆ; ಲಾರಿಯನ್ನು ಹಿಂದಿಕ್ಕಿ ಅದರ ಮರೆಯಿಂದ ಹೊರಬರುವ ಕ್ಷಣದಲ್ಲಿ ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ. 2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆಯ ಕೆಲಸ ಮತ್ತು 5 ಗಂಟೆಗಳೊಳಗೆ ಅರ್ಧ ಗಂಟೆಯ ವಿಶ್ರಾಂತಿಯನ್ನು ಹೇಳುತ್ತಿತ್ತು. ಕೇಳುವವರಿಲ್ಲವೆಂದು ರಾತ್ರಿಯೆಲ್ಲ ಓಡಿಸುವ ಅಗತ್ಯ ಈ ಸರಕಿಗೆ ಇಲ್ಲ, ಇದು ಕೊಳೆಯುವ ತರಕಾರಿಯಲ್ಲ.

ಹಣದ ಮಾತನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಸರಿ, ಬರಹದಲ್ಲಿ ಮುಗಿಸಿಕೊಳ್ಳಿ. ಕಿಲೋಮೀಟರ್ ಲೆಕ್ಕವೋ ಇಡಿಗಂಟೋ, ದಿನದ ಬಾಟಾ ಎಷ್ಟು, ರಾತ್ರಿ ವಸತಿ ಯಾರದು, ಡೀಸೆಲ್ ಮತ್ತು ಟೋಲ್ ಯಾರದು, ಮಾಲೀಕರು ಊರಲ್ಲಿಲ್ಲದೆ ಒಂದು ದಿನ ಕಾಯಬೇಕಾದರೆ ಅದರ ಬೆಲೆ ಏನು ಎಂಬುದೆಲ್ಲ ಅದರಲ್ಲಿರಬೇಕು. ಹೊಸಬರು ಬಿಟ್ಟುಬಿಡುವುದು ಮರಳುವ ಖರ್ಚನ್ನು: ವಾಹನ ಒಪ್ಪಿಸಿದ ಮೇಲೆ ನೀವು ಬರಿಗೈಯಲ್ಲಿ ಬಸ್ಸನ್ನೋ ರೈಲನ್ನೋ ಹತ್ತಬೇಕು, ಆ ಟಿಕೆಟ್ಟೂ ಆ ದಿನವೂ ನಿಮ್ಮ ದರದೊಳಗಿಲ್ಲದಿದ್ದರೆ ಉಳಿಯುವುದೇನೂ ಇಲ್ಲ. ಡೀಸೆಲ್‌ಗೆ ಅರ್ಧವಾದರೂ ಮುಂಗಡ ಪಡೆಯದೆ ಹೊರಡಬೇಡಿ. ಫಾಸ್ಟ್ಯಾಗ್ ಖಾತೆಯಲ್ಲಿ ಹಣವಿದೆಯೇ ಎಂದು ಅಂಗಳದಲ್ಲಿಯೇ ಕೇಳಿ, ಏಕೆಂದರೆ ಅದು ಕೆಲಸ ಮಾಡದಿದ್ದರೆ ಟೋಲ್ ಹೆಚ್ಚು ತೆರಬೇಕಾಗುತ್ತದೆ. ವಿಮೆಯಲ್ಲಿ ಸಾಗಾಟದ ಸಮಯದ ಹಾನಿಯೂ ಸೇರಿದೆಯೇ, ಸೇರದಿದ್ದರೆ ಆ ಹಾನಿ ಯಾರ ತಲೆಗೆ ಎಂಬುದನ್ನೂ ಅದೇ ಬರಹದಲ್ಲಿ ಕೇಳಿಕೊಳ್ಳಿ. ಇದಕ್ಕೆ ಉತ್ತರ ಕೊಡಲು ತಡವರಿಸುವವರ ಕೆಲಸ ಬೇಡ.

ತಲುಪಿದಾಗ ತೊಳೆಸಿ ಒಪ್ಪಿಸಿ. ಮಾಲೀಕರ ಜೊತೆ ವಾಹನವನ್ನು ಒಂದು ಸುತ್ತು ಬಂದು, ಓಡೋಮೀಟರ್ ತೋರಿಸಿ, ಬೆಂಗಳೂರಿನ ಹಾಳೆಯ ಕೆಳಗೇ ಅವರ ಸಹಿ ಮತ್ತು ಸಮಯ ಬರೆಸಿಕೊಳ್ಳಿ. ಇನ್ವರ್ಟರ್ ಹೇಗೆ, ನೀರಿನ ಪಂಪು ಹೇಗೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಗೊತ್ತಿದ್ದಷ್ಟು ತೋರಿಸಬಹುದು, ಆದರೆ ತರಬೇತಿ ತಯಾರಕರ ಹೊಣೆಯೆಂದು ಹೇಳಿ ಕಾರ್ಖಾನೆಯ ಫೋನಿಗೆ ದಾಟಿಸಿ. ಸಹಿ ಹಾಕಿದ ಹಾಳೆಯ ಫೋಟೊ, ಡೀಸೆಲ್ ಮತ್ತು ಟೋಲ್ ರಸೀದಿಗಳೊಡನೆ ಬಾಕಿ ಬಿಲ್ಲನ್ನು ಮರಳುವ ಬಸ್ಸು ಹತ್ತುವ ಮೊದಲೇ ಕಳಿಸಿಬಿಡಿ.