ರಾಡಿ ತೆಗೆಯುವ ಮೊದಲು ಬರೆದ ಪತ್ರ

2019ರ ಆಗಸ್ಟ್ ಮೊದಲ ವಾರ. ಘಟಪ್ರಭಾ, ಮಾರ್ಕಂಡೇಯ ಎರಡೂ ನದಿ ಉಕ್ಕಿ ಗೋಕಾಕಿನೊಳಗೆ ನೀರು ಬಂತು. ಆಗ ನಾನು ಗುತ್ತಿಗೆದಾರನಾಗಿ ಊರಂಚಿನಲ್ಲಿ ಕೇಂದ್ರ ಸರ್ಕಾರದ ಒಂದು ಇಲಾಖೆಗೆ 12 ಮನೆಗಳ ಕ್ವಾರ್ಟರ್ಸ್ ಕಟ್ಟಿಸುತ್ತಿದ್ದೆ. ಪ್ಲಿಂತ್ ಮುಗಿದು ಕಾಲಮ್ ಏಳುತ್ತಿದ್ದವು.

ನೀರು ಸ್ವಲ್ಪ ಇಳಿದ ಮೇಲೆ ಸೈಟಿಗೆ ಹೋದೆ. ಕಾಲಮ್ ಕಂಬಿಗಳಿಗೆಲ್ಲ ಕಬ್ಬಿನ ರವದಿ ಸುತ್ತಿಕೊಂಡಿತ್ತು. ಕಾಂಕ್ರೀಟಿಗೆ ಅಚ್ಚಾಗಿ ಹಿಡಿಯುವ ಸೆಂಟ್ರಿಂಗ್ ಪ್ಲೇಟುಗಳಲ್ಲಿ ಅರ್ಧ ಕಾಣಿಸಲಿಲ್ಲ. ರಸ್ತೆಯಾಚೆಯ ಬಾಡಿಗೆ ಶೆಡ್ಡಿನಲ್ಲಿ 340 ಚೀಲ ಸಿಮೆಂಟ್ ಇತ್ತು. ಕೈಯಿಂದ ಒತ್ತಿ ನೋಡಿದೆ. ಕೆಳಗಿನ ಸಾಲುಗಳು ಆಗಲೇ ಕಲ್ಲಾಗಿದ್ದವು.

ಮೇಸ್ತ್ರಿ ಹೇಳಿದ: "ಮೊದಲ ರಾಡಿ ತೆಗಸೂಣ್ರಿ ಸಾವ್ಕಾರ್ರ. ಆಳು ಸುಮ್ನ ಕುಂತಾವ."

"ಯಾರೂ ಏನೂ ಮುಟ್ಟಬ್ಯಾಡ್ರಿ" ಅಂದೆ. ಗೋಡೆಯ ಮೇಲೆ ನೀರು ನಿಂತ ಗುರುತು ಸ್ಪಷ್ಟವಾಗಿತ್ತು. ಅದರ ಪಕ್ಕ ಲೆವೆಲ್ ಸ್ಟಾಫ್, ಅಂದರೆ ಎತ್ತರ ಅಳೆಯುವ ಕೋಲು ನಿಲ್ಲಿಸಿ ಫೋಟೊ ತೆಗೆಸಿದೆ. ಅವತ್ತಿನ ಪೇಪರನ್ನೂ ಹಿಡಿದು ಇನ್ನೊಂದು ತೆಗೆಸಿದೆ. ಚೀಲ ಎಣಿಸಿದೆವು, ಪ್ಲೇಟು ಎಣಿಸಿದೆವು. ಸಂಜೆಯೊಳಗೆ ಎರಡು ಪತ್ರ ಹೋದವು: ಒಂದು ಇಲಾಖೆಗೆ, ಇನ್ನೊಂದು ವಿಮಾ ಕಂಪನಿಗೆ. ಇಲಾಖೆಯ ಪತ್ರದ ನಕಲಿನ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಂಡೆ.

ಈ ಅಭ್ಯಾಸ ಒಂದು ದೊಡ್ಡ ಪೆಟ್ಟು ತಿಂದ ಮೇಲೆ ಬಂತು. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ ಬೇರೆ ಊರಲ್ಲಿ ಕೆಲಸ ನಡೆದಿತ್ತು. ಶನಿವಾರದ ಬಟವಾಡೆಗೆ ನಗದು ಸಿಗಲಿಲ್ಲ. ಎರಡು ವಾರ ಹೇಗೋ ತಡೆದುಕೊಂಡ ಆಳುಗಳು ಮೂರನೇ ವಾರ ಊರಿಗೆ ಹೋದರು. ಅವರದ್ದೇನೂ ತಪ್ಪಿಲ್ಲ, ಮನೆ ನಡೀಬೇಕಲ್ವಾ? ಪತ್ರ ಕೊಡಲಾ ಅಂತ ಸೈಟ್ ಇಂಜಿನಿಯರನ್ನು ಕೇಳಿದೆ. "ಇರಲಿ ಬಿಡ್ರಿ, ಎಲ್ಲಾರಿಗೂ ಗೊತ್ತದ. ಮುಂದ ನೋಡೂಣು" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಅವರಿಗೆ ವರ್ಗ ಆಯಿತು. ಫೈನಲ್ ಬಿಲ್ ಹೊತ್ತಿಗೆ ಬಂದ ಹೊಸಬರು ಫೈಲು ತಿರುವಿ, "ಎಲ್ಲಿ ಬರೆದು ಕೊಟ್ಟೀರಿ?" ಅಂತ ಕೇಳಿದರು. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ತಡವಾದದ್ದಕ್ಕೆ ದಂಡ ಮುರಿದುಕೊಂಡರು. ಆ ಕೆಲಸದ ಲಾಭವೆಲ್ಲ ಅದಕ್ಕೇ ಹೋಯಿತು.

ಗೋಕಾಕಿನ ಕೆಲಸದಲ್ಲಿ ಮೊದಲ ದಿನದಿಂದಲೇ ಹಿಂಡ್ರನ್ಸ್ ರಿಜಿಸ್ಟರ್ ಇಡಿಸಿದೆ. ಯಾವ ಅಡ್ಡಿ, ಯಾವತ್ತು ಶುರು, ಯಾವತ್ತು ಮುಗಿಯಿತು, ಯಾವ ಕೆಲಸ ನಿಂತಿತು, ಒಟ್ಟು ಎಷ್ಟು ದಿನ. ಕೊನೆಗೆ ಇಬ್ಬರ ಸಹಿ. ಡ್ರಾಯಿಂಗ್ ಒಂದು ವಾರ ತಡವಾಗಿ ಕೈಗೆ ಬಂದದ್ದನ್ನೂ ಅದರಲ್ಲಿ ಬರೆದಿದ್ದೆ. ಇಲಾಖೆಯ ಜೆಇ (ಜೂನಿಯರ್ ಇಂಜಿನಿಯರ್) ಸಾಹೇಬರಿಗೆ ಮೊದಮೊದಲು ಬೇಜಾರಾಯಿತು. ಕುಳಿತು ಮಾತಾಡಿದೆ: "ಇದು ನಿಮ್ಮ ಮೇಲಿನ ದೂರಲ್ರಿ ಸಾಹೇಬ್ರ. ನಾಳೆ ಆಡಿಟಿನವರು ಕೇಳಿದರೆ ನಿಮಗೂ ಇದೇ ಆಧಾರ." ಆಮೇಲೆ ಅವರೇ ನೆನಪಿಸಿ ಬರೆಸತೊಡಗಿದರು.

ಪ್ರವಾಹಕ್ಕೆ 90 ದಿನ ಕೇಳಿದ್ದೆ, 70 ದಿನದ ಎಕ್ಸ್‌ಟೆನ್ಷನ್, ಅಂದರೆ ಕೆಲಸ ಮುಗಿಸಲು ಹೆಚ್ಚಿನ ಅವಧಿ ಸಿಕ್ಕಿತು. ಡಿಸೆಂಬರಿನಲ್ಲಿ ಆದೇಶ ಕೈಗೆ ಬಂತು. 2020ರ ಜನವರಿ ಕೊನೆಗೆ ಮುಗಿಯಬೇಕಿದ್ದ ಕೆಲಸ ಏಪ್ರಿಲಿಗೆ ಹೋಯಿತು. ಆ ಆದೇಶದ ಬೆಲೆ ಎಷ್ಟು ಅಂತ ತಿಳಿದದ್ದು ಲಾಕ್‌ಡೌನ್ ಬಂದ ಮೇಲೆ.

2020ರ ಮಾರ್ಚ್ 25ರಿಂದ ಎಲ್ಲ ಬಂದ್. ಕಚೇರಿಯೂ ಮುಚ್ಚಿತ್ತು. ಅವತ್ತೇ ಇಮೇಲ್ ಕಳಿಸಿದೆ: ಸೈಟಿನಲ್ಲಿ ಇಷ್ಟು ಜನ ಇದ್ದಾರೆ, ಇಂಥ ಮಿಷನ್ ನಿಂತಿದೆ, ಎರಡನೇ ಮಹಡಿಯ ಪ್ಲಾಸ್ಟರ್ ಅರ್ಧಕ್ಕೆ ನಿಂತಿದೆ. ಕೇಂದ್ರ ಹಣಕಾಸು ಸಚಿವಾಲಯ ಫೆಬ್ರವರಿ 19ರಂದೇ ಕೋವಿಡ್ಡನ್ನು ಫೋರ್ಸ್ ಮೆಜ್ಯೂರ್ ಅಂತ, ಅಂದರೆ ನಮ್ಮ ಕೈ ಮೀರಿದ ಆಪತ್ತು ಅಂತ ಪರಿಗಣಿಸಬಹುದು ಎಂದಿತ್ತು. ಮೇ 13ರ ಇನ್ನೊಂದು ಸುತ್ತೋಲೆಯಲ್ಲಿ, ದಂಡವಿಲ್ಲದೆ 3ರಿಂದ 6 ತಿಂಗಳು ಅವಧಿ ಹೆಚ್ಚಿಸಬಹುದು ಅಂತ ಬಂತು. ಆದರೆ ಒಂದು ಷರತ್ತಿತ್ತು. ಫೆಬ್ರವರಿ 19ಕ್ಕೆ ಗುತ್ತಿಗೆದಾರ ಕರಾರಿನಲ್ಲಿ ತಪ್ಪಿತಸ್ಥ ಆಗಿರಬಾರದು.

ಪ್ರವಾಹದ 70 ದಿನ ಮೊದಲೇ ಮಂಜೂರಾಗದೆ ಇದ್ದಿದ್ದರೆ ಅವತ್ತಿಗೆ ನನ್ನ ಅವಧಿ ಮುಗಿದು ಮೂರು ವಾರ ಆಗಿರುತ್ತಿತ್ತು. ಎಷ್ಟೋ ಜನ ನಮ್ಮಂಥವರು "ಕೆಲಸ ಮುಗಿದ ಮೇಲೆ ಎಲ್ಲ ಎಕ್ಸ್‌ಟೆನ್ಷನ್ ಒಟ್ಟಿಗೆ ಕೇಳೋಣ" ಅಂತ ಬಿಟ್ಟಿರುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಅಡ್ಡಿ ಬಂದಾಗ ಒಂದು ಪತ್ರ, ಅಡ್ಡಿ ಮುಗಿದಾಗ ಇನ್ನೊಂದು. ಪ್ರತಿ ಸಲ ದಿನದ ಲೆಕ್ಕ ಸಮೇತ.

ಎಲ್ಲ ಸರಿ ಹೋಯಿತು ಅಂತ ಹೇಳಲಾರೆ. ಕೋವಿಡ್ಡಿಗೆ ಆರು ತಿಂಗಳ ಸಮಯ ಸಿಕ್ಕಿತು, ದುಡ್ಡು ಸಿಗಲಿಲ್ಲ. ಲಾಕ್‌ಡೌನಿನಲ್ಲೂ ಸೆಂಟ್ರಿಂಗ್ ಪ್ಲೇಟಿನ ಬಾಡಿಗೆ ದಿನಕ್ಕಿಷ್ಟು ಅಂತ ಓಡುತ್ತಲೇ ಇತ್ತು. ಪ್ರವಾಹದಲ್ಲಿ ಸೈಟಿನ ಹಾನಿಗೆ ವಿಮೆ ಬಂತು. ಸಿಮೆಂಟಿಗೆ ಬರಲಿಲ್ಲ. ಹಾನಿ ನೋಡಲು ಬಂದ ವಿಮೆಯ ಸರ್ವೇಯರ್ ಪಾಲಿಸಿ ತೆಗೆದು ವಿಳಾಸದ ಮೇಲೆ ಬೆರಳಿಟ್ಟು ತೋರಿಸಿದರು. ಕಟ್ಟಡ ಕೆಲಸಕ್ಕೆ ಮಾಡಿಸುವ ಕಾಂಟ್ರ್ಯಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯಲ್ಲಿ ಸೈಟಿನ ಸರ್ವೆ ನಂಬರ್ ಮಾತ್ರ ಇತ್ತು. ರಸ್ತೆಯಾಚೆಯ ಶೆಡ್ಡು ಇರಲಿಲ್ಲ. ಪಾಲಿಸಿ ಮಾಡಿಸುವಾಗ ನಾನು ಪ್ರೀಮಿಯಂ ಎಷ್ಟು ಅಂತ ಕೇಳಿದ್ದೆ, ಆ ಹಾಳೆ ಓದಿರಲಿಲ್ಲ.

ಈಗ ಶೆಡ್ಡು ಬಾಡಿಗೆಗೆ ಹಿಡಿದ ದಿನವೇ ಅದರ ವಿಳಾಸ ಪಾಲಿಸಿಗೆ ಸೇರಿಸುತ್ತೇನೆ. ಸೆಂಟ್ರಿಂಗ್ ಅಂಗಡಿಯವರ ಜೊತೆಗೂ ಬರೆದುಕೊಂಡಿದ್ದೇನೆ: ಸರ್ಕಾರದ ಆದೇಶದಿಂದ ಕೆಲಸ ನಿಂತರೆ ಅರ್ಧ ಬಾಡಿಗೆ. ಅವರು ತಕರಾರು ಮಾಡಲಿಲ್ಲ. ಅವರಿಗೂ ಪ್ಲೇಟು ವಾಪಸ್ ಒಯ್ದು ಇಡಲು ಆಗ ಜಾಗ ಇರಲಿಲ್ಲ.

ದರ ಏರಿಕೆಯದು ಬೇರೆಯೇ ಮಾತು. 2021ರಲ್ಲಿ ಕಬ್ಬಿಣದ ದರ ಜಾಸ್ತಿಯಾದಾಗ ಹಲವರು ಅದನ್ನೂ ಫೋರ್ಸ್ ಮೆಜ್ಯೂರ್ ಅಂತ ಬರೆದರು. ಅದು ನಿಲ್ಲುವುದು ಕಷ್ಟ. ಕೆಲಸ ದುಬಾರಿ ಆಯಿತು ಅಂದ ಮಾತ್ರಕ್ಕೆ ಕರಾರು ಮುರಿಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಹೇಳಿದೆ. ದರ ಹೊಂದಾಣಿಕೆಯ ಕಲಂ ಕರಾರಿನಲ್ಲಿ ಇದ್ದರೆ ಅದರಡಿ ಕೇಳಬೇಕು. ಇಲ್ಲ ಅಂದರೆ ಟೆಂಡರ್ ಹಾಕುವಾಗಲೇ ದರದಲ್ಲಿ ಅದಕ್ಕೆ ಜಾಗ ಇಟ್ಟುಕೊಳ್ಳಬೇಕು. ಜಾಗ ಇಟ್ಟರೆ ಟೆಂಡರ್ ಕೈ ತಪ್ಪುತ್ತದೆ ಅನ್ನುವ ಭಯ ನನಗೂ ಇದೆ. ಹಾಗೆ ಎರಡು ಟೆಂಡರ್ ತಪ್ಪಿವೆ. ಆದರೂ ಜಾಗ ಇಡುವುದನ್ನು ಬಿಟ್ಟಿಲ್ಲ.

ಗೋಕಾಕಿನ ಮನೆಗಳು ಕೊನೆಗೆ 2020ರ ಸೆಪ್ಟೆಂಬರಿನಲ್ಲಿ ಮುಗಿದವು. ಫೈನಲ್ ಬಿಲ್ ದಿನ ಇಂಜಿನಿಯರ್ ಸಾಹೇಬರು ಹಿಂಡ್ರನ್ಸ್ ರಿಜಿಸ್ಟರ್ ಕೇಳಿದರು. ಪ್ರವಾಹದ ವಾರ ಅದೂ ನೆನೆದಿತ್ತು. ಬಿಸಿಲಿಗೆ ಒಣಗಿಸಿದ ಹಾಳೆಗಳು ಉಬ್ಬಿ ನಿಂತಿದ್ದವು. ಬಾಲ್‌ಪೆನ್ನಿನಿಂದ ಬರೆದಿದ್ದರಿಂದ ಅಕ್ಷರ ಹೋಗಿರಲಿಲ್ಲ. ಸಹಿಗಳನ್ನು ಒಂದೊಂದಾಗಿ ನೋಡುತ್ತ ದಿನಗಳನ್ನು ಕೂಡಿದರು, ಬಿಲ್ಲಿನಲ್ಲಿ ದಂಡದ ಸಾಲಿಗೆ "ಇಲ್ಲ" ಅಂತ ಬರೆದರು.