ಪ್ಯಾಸಿವ್ ಸಬ್‌ವೂಫರ್ ಜೋಡಣೆ: ಫಿಲ್ಟರ್ ಎಲ್ಲಿರಬೇಕು?

ಸಬ್‌ವೂಫರ್ ಎಂದರೆ ತಗ್ಗಿನ ಸ್ವರಗಳಿಗೆ ಮೀಸಲಾದ ಸ್ಪೀಕರ್; ಪ್ಯಾಸಿವ್ ಸಬ್‌ವೂಫರಿನ ಪೆಟ್ಟಿಗೆಯೊಳಗೆ ಆಂಪ್ಲಿಫೈಯರ್ ಇರುವುದಿಲ್ಲ. ಎವಿ ರಿಸೀವರಿನ (ಹೋಮ್ ಥಿಯೇಟರಿನ ಮುಖ್ಯ ಯಂತ್ರದ) ‘ಸಬ್ ಔಟ್’ನಿಂದ ಹೊರಡುವುದು ಲೈನ್ ಮಟ್ಟದ ದುರ್ಬಲ ಸಂಕೇತವಾದ್ದರಿಂದ, ಅದನ್ನು ನೇರವಾಗಿ ಸಬ್‌ವೂಫರಿಗೆ ಕೊಟ್ಟರೆ ಕೇಳುವಂಥ ಧ್ವನಿಯೇನೂ ಬರದು. ಸಬ್ ಔಟ್‌ನಿಂದ ಆರ್‌ಸಿಎ ಕೇಬಲ್ ಮೂಲಕ ಪ್ರತ್ಯೇಕ ಪವರ್ ಆಂಪ್ಲಿಫೈಯರಿಗೆ, ಅಲ್ಲಿಂದ ದಪ್ಪ ತಾಮ್ರದ ಸ್ಪೀಕರ್ ತಂತಿಯಲ್ಲಿ ಸಬ್‌ವೂಫರಿಗೆ ಸಂಪರ್ಕ ಕೊಡಬೇಕು. ಸಾಮಾನ್ಯ ಕೋಣೆಯ ದೂರಕ್ಕೆ 2.5 ಚದರ ಮಿ.ಮೀ. ತಂತಿ ಧಾರಾಳವಾಯಿತು.

ಜೋಡಿಸುವ ಮೊದಲು ಇಂಪಿಡೆನ್ಸ್, ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ (ಓಮ್‌ಗಳಲ್ಲಿ), ನೋಡಿಕೊಳ್ಳಿ. 4 ಓಮ್‌ನ ಎರಡು ಕಾಯಿಲ್‌ಗಳಿರುವ ಡ್ರೈವರನ್ನು (ಪೆಟ್ಟಿಗೆಯಲ್ಲಿ ಧ್ವನಿ ಹೊರಡಿಸುವ ಘಟಕವನ್ನು) ಸೀರೀಸ್‌ನಲ್ಲಿ ಜೋಡಿಸಿದರೆ 8 ಓಮ್, ಪ್ಯಾರಲಲ್‌ನಲ್ಲಿ 2 ಓಮ್ ಆಗುತ್ತದೆ; ಮನೆಬಳಕೆಯ ಹೆಚ್ಚಿನ ಆಂಪ್ಲಿಫೈಯರ್‌ಗಳು 2 ಓಮ್‌ನ ಹೊರೆಯನ್ನು ತಾಳಲಾರವು.

ಇನ್ನು ಫಿಲ್ಟರ್. ಆಂಪ್ಲಿಫೈಯರ್ ಮತ್ತು ಸಬ್‌ವೂಫರಿನ ನಡುವೆ ಕಾಯಿಲ್, ಕೆಪಾಸಿಟರ್ ಹಾಕಿ ಮೇಲಿನ ಸ್ವರಗಳನ್ನು ತಡೆಯುವ ಹಳೆಯ ಪದ್ಧತಿ ಅಗ್ಗವೆಂದು ಕಂಡರೂ ಲೆಕ್ಕ ಹಾಕಿದಾಗ ಹಾಗಿರುವುದಿಲ್ಲ. 8 ಓಮ್ ಡ್ರೈವರಿಗೆ 80 ಹರ್ಟ್ಸ್‌ನಲ್ಲಿ ಎರಡನೇ ದರ್ಜೆಯ ಬಟರ್‌ವರ್ತ್ ಎಂಬ ಬಗೆಯ ಫಿಲ್ಟರ್ ಬೇಕೆಂದರೆ ಸುಮಾರು 22.5 ಮಿಲಿಹೆನ್ರಿಯ ಕಾಯಿಲ್ ಮತ್ತು 176 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಬೇಕಾಗುತ್ತವೆ. ಅಷ್ಟು ದೊಡ್ಡ ಕಾಯಿಲ್‌ನ ತಂತಿಯ ರೋಧವೇ ಒಂದಿಷ್ಟು ಶಕ್ತಿಯನ್ನು ಶಾಖವಾಗಿ ನುಂಗಿ, ಕೋನ್ (ಡ್ರೈವರಿನ ಅದುರುವ ಭಾಗ) ಮೇಲೆ ಆಂಪ್ಲಿಫೈಯರಿಗಿರುವ ಹಿಡಿತವನ್ನೂ ಸಡಿಲಿಸುತ್ತದೆ. ಸಾಲದ್ದಕ್ಕೆ, ಡ್ರೈವರಿನ ಇಂಪಿಡೆನ್ಸ್ ಅನುರಣನದ (ಡ್ರೈವರ್ ತಾನಾಗಿ ಹೆಚ್ಚು ಕಂಪಿಸುವ ಆವರ್ತನದ) ಬಳಿ 8 ಓಮ್‌ಗಿಂತ ಎಷ್ಟೋ ಮೇಲೇರುವುದರಿಂದ, ಕಾಗದದ ಮೇಲಿನ 80 ಹರ್ಟ್ಸ್ ಕೋಣೆಯಲ್ಲಿ 80 ಆಗಿ ಉಳಿಯುವುದಿಲ್ಲ. ಆದ್ದರಿಂದ ಫಿಲ್ಟರ್ ಆಂಪ್ಲಿಫೈಯರಿಗಿಂತ ಮೊದಲೇ, ಲೈನ್ ಮಟ್ಟದಲ್ಲಿಯೇ ಇರುವುದು ಒಳ್ಳೆಯದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ರಿಸೀವರಿನಲ್ಲಿ ಮುಖ್ಯ ಸ್ಪೀಕರ್‌ಗಳನ್ನು ‘ಸ್ಮಾಲ್’ ಎಂದು ಆರಿಸಿ, ಕ್ರಾಸ್‌ಓವರನ್ನು (ಯಾವ ಆವರ್ತನದ ಕೆಳಗಿನ ಸ್ವರಗಳು ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯನ್ನು) 80 ಹರ್ಟ್ಸ್‌ಗೆ ಇಟ್ಟರೆ ಈ ಕೆಲಸ ಅಲ್ಲಿಯೇ ಮುಗಿಯುತ್ತದೆ. ಆಂಪ್ಲಿಫೈಯರಿನಲ್ಲೂ ಲೋ-ಪಾಸ್ (ಮೇಲಿನ ಸ್ವರ ತಡೆಯುವ ಫಿಲ್ಟರಿನ) ಗುಂಡಿ ಇದ್ದರೆ ಅದನ್ನು ಬೈಪಾಸ್ ಮಾಡಿ, ಆಗದಿದ್ದರೆ ಗರಿಷ್ಠಕ್ಕೆ ತಿರುಗಿಸಿ. ಎರಡು ಫಿಲ್ಟರ್‌ಗಳು ಒಟ್ಟಿಗೆ ಕೆಲಸ ಮಾಡಿದರೆ ಕ್ರಾಸ್‌ಓವರಿನ ಬಳಿ ಧ್ವನಿಯಲ್ಲಿ ತಗ್ಗು ಬೀಳುತ್ತದೆ. ಪೋರ್ಟ್ (ಗಾಳಿಯ ರಂಧ್ರ) ಇರುವ ಪೆಟ್ಟಿಗೆಯಾದರೆ, ತೀರಾ ತಗ್ಗಿನ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಕೂಡ ಅಗತ್ಯ. ಪೋರ್ಟ್ ಟ್ಯೂನ್ ಆಗಿರುವ ಆವರ್ತನಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ಆಸರೆ ತಪ್ಪಿ, ಅದು ಮಿತಿಮೀರಿ ಅದುರಬಹುದು.

ಕೊನೆಯದಾಗಿ ಪೊಲಾರಿಟಿ, ಅಂದರೆ ತಂತಿಗಳ ಪ್ಲಸ್-ಮೈನಸ್ ದಿಕ್ಕು. ಕ್ರಾಸ್‌ಓವರಿನ ಸಮೀಪದ ಸ್ವರವೊಂದನ್ನು ನುಡಿಸಿ, ನೀವು ಕೂರುವ ಜಾಗದಿಂದ ಕೇಳಿ. ಬಳಿಕ ಆಂಪ್ಲಿಫೈಯರ್ ಆಫ್ ಮಾಡಿ, ಸಬ್‌ವೂಫರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿ. ಯಾವ ಜೋಡಣೆಯಲ್ಲಿ ಸದ್ದು ಹೆಚ್ಚೋ ಅದನ್ನೇ ಉಳಿಸಿಕೊಳ್ಳಿ.