ಮನೆ ಹಿಂದಿನ ಬನದ ಲೆಕ್ಕ ಇಡುವುದು ಹೇಗೆ?

ಮೊದಲ ವರ್ಷ ಅಳೆದಾಗ ನಮ್ಮ ಬನದ ಹೆಬ್ಬಲಸಿನ ಸುತ್ತಳತೆ 143 ಸೆಂಟಿಮೀಟರ್ ಇತ್ತು. ಮರುವರ್ಷ ಅದೇ ಮರ 140. "ಚಿಕ್ಕಮ್ಮಾ, ಮರ ಸಣ್ಣ ಆಗಿದೆ!" ಅಂತ ಭಾವನ ಮಗ ಶ್ರೀಶ ಅಲ್ಲಿಂದಲೇ ಕೂಗಿದ. ಪಕ್ಕದಲ್ಲಿ ತರಗೆಲೆ ಗುಡಿಸುತ್ತಿದ್ದ ಐತಪ್ಪಣ್ಣನಿಗೆ ನಗು ತಡೆಯಲಿಲ್ಲ.

ಮರದ್ದೇನೂ ತಪ್ಪಿರಲಿಲ್ಲ. ತಪ್ಪು ನನ್ನದೇ, ಅದೂ ಒಂದಲ್ಲ ಮೂರು. ನನ್ನದು ಬಟ್ಟೆ ಹೊಲಿಯುವ ಟೇಪು, ಎಳೆದರೆ ಹಿಗ್ಗುತ್ತದೆ. ನಾನು ನನ್ನ ಎದೆಮಟ್ಟಕ್ಕೆ ಹಿಡಿದಿದ್ದೆ, ಶ್ರೀಶ ಅವನ ಎದೆಮಟ್ಟಕ್ಕೆ ಹಿಡಿದ. ಅವನು ನನಗಿಂತ ಒಂದು ಗೇಣು ಎತ್ತರ. ಮೂರನೆಯದ್ದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಮೊದಲ ಸಲ ಅಳೆದದ್ದು ಆಟಿ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ, ಎರಡನೇ ಸಲ ಮಾರ್ಚಿನ ಬಿಸಿಲಲ್ಲಿ. ಮಳೆಗಾಲದಲ್ಲಿ ತೊಗಟೆ, ಕಾಂಡ ನೀರು ಕುಡಿದು ಉಬ್ಬುತ್ತವೆ. ಬೇಸಗೆಯಲ್ಲಿ ಕುಗ್ಗುತ್ತವೆ. ಒಂದು ವರ್ಷದ ಬೆಳವಣಿಗೆಯನ್ನು ಈ ಉಬ್ಬು ತಗ್ಗು ಸುಲಭವಾಗಿ ನುಂಗಿಬಿಡುತ್ತದೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮುಂದೆ ಅಡಿಕೆ ತೋಟ, ಹಿಂದೆ ನಾಗಬನ, ಅದರ ಮೇಲೆ ಕುಮ್ಕಿ (ತೋಟಕ್ಕೆ ಸೊಪ್ಪು, ಸೌದೆ ತರಲು ಬಿಟ್ಟ ಸರಕಾರಿ ಜಾಗ) ಗುಡ್ಡೆ. ಎಲ್ಲ ಸೇರಿ ಎರಡು ಎಕರೆ ಕಾಡು ಇರಬಹುದು. ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಮೊದಲೆಲ್ಲ ಮೇ ಕೊನೆಯ ಪತ್ತನಾಜೆವರೆಗೂ ಬರುತ್ತಿತ್ತು. ಈಗ ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆಯುವಷ್ಟರಲ್ಲಿ ದಾರದಷ್ಟು ಸಪೂರ ಆಗುತ್ತದೆ. ಹವೆ ಕೆಟ್ಟಿತು, ಕಾಡು ಸೊರಗಿತು ಅಂತ ಮದುವೆಮನೆಯಲ್ಲಿ ಕೂತು ಎಲ್ಲರೂ ಹೇಳುತ್ತಾರೆ. ಎಷ್ಟು ಸೊರಗಿತು ಅಂತ ಕೇಳಿದರೆ ಯಾರ ಹತ್ತಿರವೂ ಲೆಕ್ಕ ಇಲ್ಲ. ನನ್ನ ಹತ್ತಿರವೂ ಇರಲಿಲ್ಲ. ಈಗ ಐದು ವರ್ಷದ್ದು ಇದೆ. ನೀವೂ ಸುರು ಮಾಡುವುದಾದರೆ, ನಾನು ಎಡವಿದಲ್ಲಿ ಎಡವಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ. ರಿಸರ್ವ್ ಫಾರೆಸ್ಟ್ ಒಳಗೆ ಹೋಗಿ ಇದನ್ನೆಲ್ಲ ಮಾಡುವ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆಯವರಿಗೆ ಆನೆಯ ವಿಷಯ ನಾನು ಹೇಳಬೇಕಾಗಿಲ್ಲ. ಒಬ್ಬೊಬ್ಬರೇ ಹೋಗಬೇಡಿ.

ಜಾಗ ಗುರುತು ಮಾಡುವುದು

ಇಡೀ ಕಾಡನ್ನು ಅಳೆಯುವುದು ಬೇಡ. 20 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ಚೌಕ ಸಾಕು. ನಮ್ಮ ಭಾಷೆಯಲ್ಲಿ ಹೆಚ್ಚುಕಮ್ಮಿ 10 ಸೆಂಟ್ಸ್. ಇಂಥದ್ದು ಮೂರು ಇದ್ದರೆ ಒಳ್ಳೆಯದು. ಒಂದು ತೋಟದ ಅಂಚಿಗೆ, ಒಂದು ನಡುವೆ, ಒಂದು ಗುಡ್ಡೆಯ ಮೇಲೆ. ಅಂಚಿನಲ್ಲಿ ಬಿಸಿಲು, ಗಾಳಿ ಜಾಸ್ತಿ. ಅಲ್ಲಿಯ ಕಥೆಯೇ ಬೇರೆ. ಮೂಲೆ ಸರಿಯಾಗಿ ಬರಲು ಮೇಸ್ತ್ರಿಗಳು ಮಾಡುವ ಹಾಗೆ 3, 4, 5 ಮೀಟರಿನ ಹಗ್ಗವನ್ನು ತ್ರಿಕೋನವಾಗಿ ಹಿಡಿಯಿರಿ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ತಾಗಿಸಿ ಎಳೆಯಬೇಡಿ, ಮಟ್ಟವಾಗಿ ಹಿಡಿಯಿರಿ. ನಾಲ್ಕು ಮೂಲೆಗೆ ಕೆಂಪುಕಲ್ಲು ಹೂಳಿ. ಮೊಬೈಲಿನ ಜಿಪಿಎಸ್ ಅನ್ನು ನಂಬಿ ಕೂತರೆ ದೊಡ್ಡ ಮರಗಳ ಕೆಳಗೆ ಅದು ಐದು ಹತ್ತು ಮೀಟರ್ ಆಚೀಚೆ ತೋರಿಸುತ್ತದೆ. ಕಲ್ಲು ಇದ್ದಲ್ಲೇ ಇರುತ್ತದೆ.

ಟೇಪು ಹಿಡಿಯುವುದು

ಫೈಬರ್ ಟೇಪು ತೆಗೆದುಕೊಳ್ಳಿ. 137 ಸೆಂಟಿಮೀಟರ್ ಉದ್ದದ ಒಂದು ಕೋಲು ಕಡಿದುಕೊಳ್ಳಿ. ನಮ್ಮ ದೇಶದಲ್ಲಿ ಅರಣ್ಯದವರು ಎದೆಮಟ್ಟ ಅನ್ನುವುದು ಈ ನಾಲ್ಕೂವರೆ ಅಡಿಗೆ. ಕೋಲನ್ನು ಮರಕ್ಕೆ ಒರಗಿಸಿ, ತುದಿ ತಾಗಿದಲ್ಲಿ ಪೈಂಟಿನ ಗೆರೆ ಎಳೆಯಿರಿ. ಇಳಿಜಾರಿನಲ್ಲಾದರೆ ಮೇಲಿನ ಬದಿಯಲ್ಲಿ ನಿಂತು ಗುರುತು ಮಾಡಿ. ಮುಂದಿನ ವರ್ಷ ಯಾರೇ ಬರಲಿ, ಎಷ್ಟೇ ಎತ್ತರ ಇರಲಿ, ಟೇಪು ಆ ಗೆರೆಯ ಮೇಲೇ ಕೂರಬೇಕು. ಸುತ್ತಳತೆ 30 ಸೆಂಟಿಮೀಟರಿಗಿಂತ ಜಾಸ್ತಿ ಇರುವ ಎಲ್ಲ ಮರಕ್ಕೂ ಒಂದೊಂದು ನಂಬರು ಕೊಡಿ. ಬುಡದಲ್ಲಿ ಹಲಗೆಯಂಥ ಬೇರು ಎದ್ದಿದ್ದರೆ ಅದು ಮುಗಿದ ಜಾಗದಿಂದ ಒಂದಡಿ ಮೇಲೆ ಅಳೆಯಿರಿ, ಆ ಎತ್ತರವನ್ನೂ ಬರೆದಿಡಿ. ಗೆರೆಯ ಕೆಳಗೇ ಕವಲೊಡೆದಿದ್ದರೆ ಎರಡು ಮರ ಅಂತ ಲೆಕ್ಕ.

ನಂಬರಿನ ತಗಡನ್ನು ಅಲ್ಯುಮಿನಿಯಂ ಆಣಿಯಲ್ಲಿ ಹೊಡೆಯಿರಿ ಅಂತ ಪುಸ್ತಕದಲ್ಲಿ ಇರುತ್ತದೆ. ನಾನು ಆಣಿ, ಸುತ್ತಿಗೆ ಹಿಡಿದು ಹೊರಟದ್ದನ್ನು ಮಾವ ಜಗಲಿಯಿಂದಲೇ ನೋಡಿದರು. "ನಾಗನ ಬನದಲ್ಲಿ ಆಣಿ ಹೊಡೆಯುವುದಾ?" ಅಂತ ಒಂದೇ ಮಾತು. ನಾನು ವಾಪಸು ಬಂದೆ. ಕುಮ್ಕಿಯ ಮರಗಳಿಗೆ ಆಣಿ, ಬನದ ಮರಗಳಿಗೆ ಹಿಗ್ಗುವ ಸ್ಪ್ರಿಂಗಿನಲ್ಲಿ ಕಟ್ಟಿದ ತಗಡು ಅಂತ ರಾಜಿ ಆಯಿತು. ಬರೀ ತಂತಿಯಲ್ಲಿ ಕಟ್ಟಬೇಡಿ. ಮರ ದಪ್ಪ ಆದ ಹಾಗೆ ತಂತಿ ತೊಗಟೆಯೊಳಗೆ ಇಳಿದು ಕತ್ತು ಹಿಸುಕುತ್ತದೆ.

ನಮ್ಮಲ್ಲಿ ಮಾತ್ರ ಬರುವ ಒಂದು ತೊಂದರೆ ಹೇಳುತ್ತೇನೆ. ಆಟಿ ಅಮಾವಾಸ್ಯೆ ಬೆಳಗ್ಗೆ ಕಷಾಯಕ್ಕೆ ಹಾಳೆ ಮರದ ತೊಗಟೆ ಜಜ್ಜಿ ತೆಗೆಯುತ್ತೇವಲ್ಲ, ಅದು ಸರಿಯಾಗಿ ಎದೆಮಟ್ಟದಲ್ಲೇ! ನಾಲ್ಕು ಮನೆಯವರು ಬಂದು ಹೋದರೆ ಅಲ್ಲಿ ಅಳೆಯುವ ಹಾಗೆಯೇ ಇಲ್ಲ. ನಮ್ಮ ಹಾಳೆ ಮರಕ್ಕೆ ಗೆರೆ ಇರುವುದು 2 ಮೀಟರಿನಲ್ಲಿ. ಚೇರೆ ಮರವನ್ನು ಅಪ್ಪಿಕೊಂಡು ಟೇಪು ಸುತ್ತಬೇಡಿ, ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಹಾಗಾದರೆ ತಾರೆ ಮರಕ್ಕೆ ಸುತ್ತು ಬಂದರೆ ಸಾಕು ಅನ್ನುತ್ತಾರೆ ಮಲಯಾಳಂ ಮಾತಾಡುವ ನೆರೆಯವರು. ನಾನು ಸುತ್ತೂ ಬಂದೆ, ಡಾಕ್ಟರ ಹತ್ತಿರವೂ ಹೋದೆ.

ಯಾವಾಗ ಅಳೆಯಬೇಕು? ನಾನು ಮಕರ ಸಂಕ್ರಮಣದ ವಾರ ಇಟ್ಟುಕೊಂಡಿದ್ದೇನೆ. ಮಳೆ ನಿಂತು ತೊಗಟೆ ಒಣಗಿರುತ್ತದೆ. ಹೆಚ್ಚಿನ ಮರಗಳ ಎಲೆ ಇನ್ನೂ ಉದುರಿರುವುದಿಲ್ಲ, ಗುರುತು ಹಿಡಿಯಬಹುದು. ಶಿವರಾತ್ರಿ ಅಂತ ಇಟ್ಟುಕೊಂಡರೆ ಅದು ಚಂದ್ರನ ಲೆಕ್ಕ, ಒಂದು ವರ್ಷ ಫೆಬ್ರವರಿಗೆ, ಇನ್ನೊಂದು ವರ್ಷ ಮಾರ್ಚಿಗೆ ಬರುತ್ತದೆ. ಸಂಕ್ರಮಣ ಸೂರ್ಯನದ್ದು, ಕದಲುವುದಿಲ್ಲ.

ಲೆಕ್ಕ ಹಾಕುವುದು ಕಷ್ಟ ಇಲ್ಲ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ 12.57ರಿಂದ ಭಾಗಿಸಿದರೆ, ಮರವನ್ನು ಅಲ್ಲಿ ಅಡ್ಡ ಕೊಯ್ದರೆ ಕಾಣುವ ಮುಖದ ವಿಸ್ತೀರ್ಣ ಸಿಗುತ್ತದೆ. 40 ಸೆಂಟಿಮೀಟರಿನ ಮರ 41.4 ಆದರೆ ಆ ಮುಖ 9 ಚದರ ಸೆಂಟಿಮೀಟರ್ ಹೆಚ್ಚಿತು. 120ರ ಮರ 121.4 ಆದರೆ 27 ಹೆಚ್ಚಿತು. ಟೇಪಿನಲ್ಲಿ ಎರಡೂ ಒಂದೇ, ಕಟ್ಟಿಗೆಯಲ್ಲಿ ಮೂರು ಪಾಲು. ಹಾಗಾಗಿ ಒಂದು ದೊಡ್ಡ ಮರ ಸತ್ತ ನಷ್ಟವನ್ನು ಹತ್ತು ಸಸಿ ನೆಟ್ಟು ತುಂಬಿದೆವು ಅಂತ ಫೋಟೋ ತೆಗೆಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ, ದೊಡ್ಡ ಮರ ಸತ್ತರೆ ಅದು ಹಿಡಿದಿಟ್ಟ ಇಂಗಾಲವೂ ಹೋದ ಹಾಗೆ.

ಬರೀ ಬೆಳವಣಿಗೆ ಬರೆದರೆ ಸಾಲದು. ಪ್ರತಿ ಮರದ ತಲೆ ನೋಡಿ. ಕಾಲು ಭಾಗ ಒಣಗಿದೆಯಾ, ಅರ್ಧವಾ, ಪೂರ್ತಿಯಾ? ಸತ್ತಿದ್ದರೆ ಹೇಗೆ ಅಂತ ಬರೆಯಿರಿ. ನಿಂತಲ್ಲೇ ಒಣಗಿದ್ದು, ಗಾಳಿಗೆ ಬುಡಮೇಲಾದದ್ದು, ಕಡಿದದ್ದು, ಮೂರೂ ಬೇರೆ ಬೇರೆ. ಗಾಳಿ ಬಿಸಿಯಾಗಿ ಒಣಗಿದಷ್ಟೂ ಎಲೆಯಿಂದ ನೀರು ಎಳೆಯುತ್ತದೆ. ಮರ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುವ ಬಾಗಿಲೂ ಅದೇ. ಹೊಟ್ಟೆಗಿಲ್ಲದ ಮರ ಬರ ಕಳೆದು ಒಂದೆರಡು ವರ್ಷದ ಮೇಲೂ ಸಾಯಬಹುದು. "ಈ ವರ್ಷ ಒಳ್ಳೆ ಮಳೆ ಬಂತಲ್ಲ, ಯಾಕೆ ಸತ್ತಿತು?" ಅಂತ ಕೇಳಿದರೆ ಹಿಂದಿನ ಪುಟ ನೋಡಬೇಕು.

ಅದಕ್ಕೇ ಮಳೆಯ ಲೆಕ್ಕ ಬೇಕು. ನಮ್ಮ ಊರಿನ ತೋಟದ ಮನೆಗಳಲ್ಲಿ ಮಳೆ ಅಳೆಯುವವರು ಇದ್ದೇ ಇದ್ದಾರೆ, ಜಾಸ್ತಿ ವಿವರಿಸುವುದಿಲ್ಲ. ಬೆಳಗ್ಗೆ ಎಂಟೂವರೆಗೆ ನೋಡಿ, ಹವಾಮಾನ ಇಲಾಖೆಯದ್ದೂ ಅದೇ ಹೊತ್ತು. ಒಟ್ಟು ಮಳೆಗಿಂತ ಮಳೆ ಇಲ್ಲದೆ ಸಾಲಾಗಿ ಎಷ್ಟು ದಿನ ಹೋಯಿತು ಅನ್ನುವುದು ಮರಕ್ಕೆ ಮುಖ್ಯ. 2023ರಲ್ಲಿ ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೆ, ಪತ್ತನಾಜೆಯ ಹೊತ್ತಿಗೇ. ಎರಡು ವಾರಕ್ಕಿಂತ ಜಾಸ್ತಿ ವ್ಯತ್ಯಾಸ, ಅದೂ ವರ್ಷದ ಅತಿ ಒಣಗಿದ ಸಮಯದಲ್ಲಿ. ಜೊತೆಗೆ ಸುರಂಗದ ಬಾಯಿಗೆ 10 ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಅಂತ ವಾರಕ್ಕೊಮ್ಮೆ ಬರೆಯಿರಿ.

ಉದುರಿದ್ದನ್ನು ತೂಗುವುದು

ಕಾಡಿನ ಇಳುವರಿ ಅಂದರೆ ಬರೀ ಕಟ್ಟಿಗೆ ಅಲ್ಲ. ಎಲೆ, ಹೂ, ಹಣ್ಣು, ಚಿಕ್ಕ ಕಡ್ಡಿ ಎಲ್ಲವೂ ಅದು ಆ ವರ್ಷ ಮಾಡಿದ ಸಂಪಾದನೆಯೇ. ಒಂದು ಮೀಟರ್ ಚೌಕದ ಚೌಕಟ್ಟಿಗೆ ಸೊಳ್ಳೆಪರದೆ ಜೋಳಿಗೆಯ ಹಾಗೆ ಕಟ್ಟಿ, ಸೊಂಟದೆತ್ತರಕ್ಕೆ ನಿಲ್ಲಿಸಿ. ಮೊದಲು ನಾನು ಅಡಿಕೆ ಸಲಾಕೆಯಲ್ಲಿ ಮಾಡಿದ್ದೆ, ಒಂದೇ ಮಳೆಗಾಲದಲ್ಲಿ ಗೆದ್ದಲು ಮುಗಿಸಿತು. ಈಗ ಪಿವಿಸಿ ಪೈಪು. ಒಂದು ಚೌಕಕ್ಕೆ ನಾಲ್ಕೈದು ಜೋಳಿಗೆ ಬೇಕು. ಹದಿನೈದು ದಿನಕ್ಕೊಮ್ಮೆ ಖಾಲಿ ಮಾಡಿ, ತಡ ಆದರೆ ಮಳೆಗಾಲದಲ್ಲಿ ಅಲ್ಲೇ ಕೊಳೆಯುತ್ತದೆ. ಎಲೆ, ಹೂ ಹಣ್ಣು, ಕಡ್ಡಿ ಬೇರೆ ಮಾಡಿ. ಪ್ರಯೋಗಾಲಯದ ಒಲೆ ನಮ್ಮಲ್ಲಿ ಎಲ್ಲಿಂದ ಬರಬೇಕು? ಅಡಿಕೆ ಒಣಗಿಸುವ ಸೋಲಾರ್ ಮನೆಯ ಒಂದು ಮೂಲೆ ಸಾಕು. ದಿನಾ ತೂಗಿ. ಎರಡು ದಿನ ತೂಕ ಬದಲಾಗದಿದ್ದರೆ ಒಣಗಿತು ಅಂತ ಅರ್ಥ. ಅಡುಗೆಮನೆಯ ತಕ್ಕಡಿಯೇ ಆಗುತ್ತದೆ. ಮಂಗಗಳು ಜೋಳಿಗೆಯನ್ನು ತೊಟ್ಟಿಲು ಮಾಡಿಕೊಂಡ ವಾರದ ಲೆಕ್ಕವನ್ನು ಖಾಲಿ ಬಿಡಿ, ಅಂದಾಜಿನಲ್ಲಿ ತುಂಬಬೇಡಿ.

ಇದೇ ಜೋಳಿಗೆ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಕಾಟುಮಾವಿನ ಹೂ ಯಾವ ವಾರ ಬಿತ್ತು, ಧೂಪದ ಮರದ ಕಾಯಿ ಯಾವಾಗ ಬಂತು, ಎಲ್ಲ ಸುಮ್ನೆ ಕೂತಲ್ಲೇ ಗೊತ್ತಾಗುತ್ತದೆ.

ಆಮೇಲೆ ನೆಲ ನೋಡಿ. ಚೌಕದೊಳಗೆ 2 ಮೀಟರ್ ಚೌಕದ ನಾಲ್ಕು ತುಂಡು ಮಾಡಿ, ಅದರೊಳಗಿನ ಮೊಳಕೆ, ಸಸಿ ಎಣಿಸಿ. ಹೆಸರು ಗೊತ್ತಾಗದಿದ್ದರೆ ಎಲೆಯ ಫೋಟೋ ತೆಗೆದು ಹಿರಿಯರನ್ನು ಕೇಳಿ. ನನಗೆ ಐತಪ್ಪಣ್ಣ ತುಳುವಿನಲ್ಲಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಮೇಲೆ ದೊಡ್ಡ ಧೂಪ ಇದ್ದು ಕೆಳಗೆ ಒಂದೂ ಧೂಪದ ಸಸಿ ಇಲ್ಲ, ಬರೀ ಕಮ್ಯುನಿಸ್ಟ್ ಗಿಡ (ಎಲ್ಲೆಲ್ಲೂ ಹಬ್ಬುವ ಕಳೆ) ಅಂತಾದರೆ ಅದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ.

ಆಕಾಶದಿಂದ ಕಾಣುವ ಹಸಿರು

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಕೊಪರ್ನಿಕಸ್ ಬ್ರೌಸರ್ ಅನ್ನುವ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಎನ್‌ಡಿವಿಐ ಅಂತ ಒಂದು ಅಳತೆ ಇದೆ. ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸು ಎಸೆಯುತ್ತದೆ. ಈ ಎರಡರ ವ್ಯತ್ಯಾಸದಿಂದ ಹಸಿರು ಎಷ್ಟು ಅಂತ ಲೆಕ್ಕ. ಒಂದರ ಹತ್ತಿರ ಬಂದಷ್ಟೂ ದಟ್ಟ.

ಮೊದಲ ಸಲ ಫೆಬ್ರವರಿಯ ಚಿತ್ರ ತೆಗೆದಾಗ ಎದುರಿನ ಇಡೀ ಗುಡ್ಡೆಯ ಹಸಿರು ಇಳಿದುಹೋಗಿತ್ತು. ನನ್ನ ಎದೆ ಧಸಕ್ ಅಂದಿತು. ಅಷ್ಟು ದೊಡ್ಡ ಕಾಡು ಸತ್ತೇ ಹೋಯಿತಾ ಅಂತ ಹೋಗಿ ನೋಡಿದರೆ ರಬ್ಬರ್ ತೋಟ! ರಬ್ಬರ್ ಆ ಸಮಯಕ್ಕೆ ಎಲೆ ಉದುರಿಸುತ್ತದೆ, ತಿಂಗಳೊಳಗೆ ಚಿಗುರುತ್ತದೆ. ಹಾಗಾಗಿ ಜನವರಿಯನ್ನು ಜನವರಿಯ ಜೊತೆಗೇ ಹೋಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಕಾಣುವುದು, ಬಿಟ್ಟುಬಿಡಿ. ಚಿತ್ರದ ಒಂದು ಚುಕ್ಕೆ 10 ಮೀಟರ್, ಅಂದರೆ ನಿಮ್ಮ ಚೌಕ ಬರೀ ನಾಲ್ಕು ಚುಕ್ಕೆ.

ಈ ಹಸಿರನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ದಟ್ಟ ಕಾಡಿನಲ್ಲಿ ಅಂಕಿ ಒಂದು ಮಟ್ಟಕ್ಕೆ ಹೋಗಿ ನಿಂತುಬಿಡುತ್ತದೆ, ಇನ್ನೂ ಜಾಸ್ತಿ ಎಲೆ ಬಂದರೂ ಏರುವುದಿಲ್ಲ. ಅದಕ್ಕಿಂತ ದೊಡ್ಡ ಮೋಸ ಬೇರೆ. ಸತ್ತ ಮರದ ಮೇಲೆ ಹಬ್ಬಿದ ಬಳ್ಳಿಯೂ ಅದಕ್ಕೆ ಹಸಿರು. ಕೇರಳದಲ್ಲಿ ಧೃತರಾಷ್ಟ್ರ ಪಚ್ಚ ಅನ್ನುವ ಬಳ್ಳಿ ಇದೆಯಲ್ಲ, ಅಪ್ಪಿಕೊಂಡೇ ಕೊಲ್ಲುವಂಥದ್ದು, ಅದು ಆಕಾಶದಿಂದ ಬಹಳ ಚಂದ ಕಾಣುತ್ತದೆ. ಅಕೇಶಿಯಾ ತೋಪೂ ಹಾಗೇ.

ಇಂಥ ಕೆಲಸ ದೊಡ್ಡ ಮಟ್ಟದಲ್ಲಿ ನಡೆಯುತ್ತಿರುವುದು ನೋಡಬೇಕೆಂದರೆ ನೀಲಗಿರಿ ಜಿಲ್ಲೆಯ ಮುದುಮಲೆಯ ವಿಷಯ ಓದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಅಲ್ಲಿ 50 ಹೆಕ್ಟೇರ್ ಗುರುತು ಮಾಡಿ, ಒಂದು ಸೆಂಟಿಮೀಟರ್ ದಪ್ಪದ ಗಿಡದಿಂದ ಹಿಡಿದು ಎಲ್ಲಕ್ಕೂ ನಂಬರು ಕೊಟ್ಟರು. ಆನೆ, ಬೆಂಕಿ, ಬರ ಎಲ್ಲದರ ನಡುವೆ ಇವತ್ತಿಗೂ ಎಣಿಸುತ್ತಿದ್ದಾರೆ.

ಪುಸ್ತಕದ ವಿಷಯ ಹೇಳಿ ಮುಗಿಸುತ್ತೇನೆ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಮಳೆಗೆ ಹರಡುತ್ತದೆ. ಎರಡು ವರ್ಷದ ಲೆಕ್ಕ ಬರೀ ಮೊಬೈಲಿನಲ್ಲಿದ್ದು, ಆ ಮೊಬೈಲು ನೀರಿನ ಟಾಂಕಿಗೆ ಬಿದ್ದ ಮೇಲೆ ನಾನು ಪುಸ್ತಕಕ್ಕೆ ಬಂದದ್ದು. ಪ್ರತಿ ಪುಟದಲ್ಲಿ ತಾರೀಕು, ಅಳೆದವರ ಹೆಸರು ಇರಲಿ. ಹೋದ ವರ್ಷದ ಅಂಕಿಯನ್ನು ಜೊತೆಗೆ ಒಯ್ಯಿರಿ. ತೀರಾ ವಿಚಿತ್ರ ಬಂದರೆ ಅಲ್ಲೇ ಇನ್ನೊಮ್ಮೆ ಅಳೆಯಬಹುದು. ಸತ್ತ ಮರದ ನಂಬರನ್ನು ಇನ್ನೊಂದಕ್ಕೆ ಯಾವತ್ತೂ ಕೊಡಬೇಡಿ. ನಮ್ಮ ಪುಸ್ತಕದಲ್ಲಿ 9ರ ಸಾಲು ಖಾಲಿ. ಅದು ಹಿಂದೊಂದು ಆಟಿಯ ಗಾಳಿಗೆ ಬಿದ್ದ ಧೂಪ. ಅದು ಬಿದ್ದ ಜಾಗದ ಬಿಸಿಲಿಗೆ ಎದ್ದು 30 ಸೆಂಟಿಮೀಟರ್ ದಾಟಿದ ಉಪ್ಪಳಿಗೆ ಮರಕ್ಕೆ 48 ಅಂತ ಹೊಸ ತಗಡು ಮಾಡಿಸಿದ್ದೇನೆ.